ಮೋಟಾರಿಗೆ ಕೊಟ್ಟ ಜೋಡು

ಸುರಪುರದ ಬಸ್ಸಿಗೆ ಕಾಯುತ್ತ ನಾನು ಶಹಾಪುರದ ಹೊರಗೆ ಬೇವಿನ ನೆರಳಲ್ಲಿ ಕುಳಿತಿದ್ದೆ. ಜಾಗೀರದಾರರ ಹಳೆಯ ಮೋಟಾರು ಆವಿ ಉಗುಳುತ್ತ ಬಂದು ಎದುರಿಗೇ ನಿಂತಿತು. ಚಾಲಕ ಮುಚ್ಚಳ ಎತ್ತಿ ಇಣುಕಿದ. ಮುಖದ ಮೇಲೆ ಇಳಿಬಿದ್ದ ಹೂವಿನ ಸೆಹರಾ ಸರಿಸಿಕೊಳ್ಳುತ್ತ ಮದುಮಗ ಇಳಿದ.

“ಮತ್ತ ಕುದೀತೇನೋ ಭಾಗಣ್ಣ? ಅಲ್ಲಿ ಖಾಜಿ ಕಾಯಾಕತ್ತಾರ.”

“ಬ್ಯಾರೆ ಗಾಡಿ ಪಂಖ ಹಾಕೀವಲ್ರಿ, ರೇಡಿಯೇಟರಿಗಿ ದೂರ ಆಗ್ಯಾದ. ಗಾಳಿ ಎಳೀವಲ್ದು. ಪಂಖದ ಹಿಂದ ದಪ್ಪನ ತೊಗಲು ಕೊಟ್ರ ಮುಂದ ಬರ್ತದ.”

“ಕೊಡು ಮತ್ತ.”

“ಅದು ನಿಮ್ಮ ಕಾಲಾಗ ಅದರಿ.”

“ಏ, ಹೊಸ ಜೋಡು! ನಿನ್ನ ಚಪ್ಪಲಿ ಕೊಯ್ಯಿ.”

“ನನ್ನವು ಸವದು ಹಪ್ಪಳ ಆಗ್ಯಾವ್ರಿ. ನಿಮ್ಮ ಅಟ್ಟಿ ಗಟ್ಟಿ ಅದ. ಒಲ್ಲೆ ಅಂದ್ರ ನಿಕಾ ನಾಳಿಗೇ.”

“ಬರಿಗಾಲಿನ ನವಶಾ ಬಂದ, ಮದಿಮಗಗ ಜೋಡೇ ಇಲ್ಲ ಅಂತ ನಗ್ತಾರೋ.”

“ನಕ್ಕೋತನೇ ಹೆಣ್ಣು ಕೊಡ್ತಾರ್ರಿ.”

ಮದುಮಗ ಎಡಗಾಲಿನದನ್ನು ಬಿಚ್ಚಿ ಕೊಟ್ಟ. ಭಾಗಣ್ಣ ಅಟ್ಟೆ ಕೊಯ್ದು ಪಂಖದ ಹಿಂದಿಟ್ಟು ಬಿಗಿದ. ಆವಿ ಇಳಿದ ಮೇಲೆ ನೀರು ತುಂಬಿ ಹ್ಯಾಂಡಲ್ ತಿರುವಿದ. ಎದುರು ನಿಂತವನ ಸೆಹರಾದ ಎಳೆಗಳು ರೇಡಿಯೇಟರಿನ ಕಡೆಗೆ ವಾಲಿದವು.

“ಎಳೀತು ನೋಡ್ರಿ! ಇನ್ನ ಬಲಗಾಲಿಂದೂ ತಗದು ಒಗೀರಿ. ಒಂದೇ ಹಾಕ್ಕೊಂಡ್ರ ಏನು ಚಂದ?”

“ಇರ್ಲಿ ಬಿಡೋ. ಮದಿಮಗನ ಜೋಡು ಕದ್ದು ರೊಕ್ಕಕ್ಕ ಕಾಡಬೇಕಂತ ನಾದಿನಿಯರು ಕುಂತಿರ್ತಾರ. ಪಾಪ, ಅವರಿಗಿ ಒಂದಾದ್ರೂ ಸಿಗಬೇಕಿಲ್ಲ?”

ಇಬ್ಬರೂ ಹತ್ತಿದರು. ಮೋಟಾರು ಸುರಪುರದ ದಾರಿ ಹಿಡಿಯಿತು.