ಕೊನೆಯ ಪುಟದಿಂದ ಓದುವ ದೊಡ್ಡಮ್ಮ

ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಕದ್ದು ಕೇಳುವ ಚಟ ನನಗಿಲ್ಲ. ಕಿವಿಗೆ ಡ್ರಾಪ್ಸ್ ಹಾಕಿರಲಿಲ್ಲ, ಅಷ್ಟೇ. ಮಾತಿನಿಂದ ತಿಳಿದಂತೆ, ಪಕ್ಕದ ಬೆಂಚಿನಲ್ಲಿ ಸಾಫ್ಟ್‌ವೇರ್ ಬರೆಯುವ ಒಬ್ಬಳು, ಅವಳ ಜೊತೆ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದ ದೊಡ್ಡಮ್ಮ.

“ದೊಡ್ಡಮ್ಮ, ನಮ್ಮ ಸಾಫ್ಟ್‌ವೇರಲ್ಲಿ ನೀವು ತೋರಿಸಿದ ತೂತು ಬೆಳಿಗ್ಗೆ ಮುಚ್ಚಿದ್ವಿ.”

“ಮೊದ್ಲು ಒಳಗೆ ಬಿಟ್ಟು, ಆಮೇಲೆ ನೀನ್ಯಾರು ಅಂತ ಕೇಳ್ತಿತ್ತಲ್ಲ, ಅದಾ?”

“ಅದೇ. ಎಂಟು ವರ್ಷದಿಂದ ಹಾಗೇ ಇತ್ತು. ನೂರಾರು ಆಸ್ಪತ್ರೆಗಳು ಆ ಸಾಫ್ಟ್‌ವೇರನ್ನೇ ಬಳಸ್ತಿವೆ.”

“ಯಾರು ಬೇಕಾದ್ರೂ ಓದ್ಲಿ ಅಂತ ಕೋಡ್ ತೆರೆದಿಟ್ಟಿದ್ದೀವಿ, ಅದಕ್ಕೇ ಭದ್ರ ಅಂತಿದ್ದೆಯಲ್ಲ.”

“ಬೇರೆಯವರು ಓದಿರ್ತಾರೆ ಅಂತ ಎಲ್ಲರೂ ಅಂದ್ಕೊಂಡಿದ್ವಿ.”

“ಹತ್ತು ಜನ ಸೇರಿದ್ರೆ ಹಾವು ಸಾಯಲ್ಲ ಅನ್ನೋದು ಸುಮ್ನೆ ಅಲ್ಲ.”

“ಪ್ರೋಗ್ರಾಮಿಂಗ್ ಗೊತ್ತಿಲ್ಲದೆ ನಿಮಗೆ ಹೇಗೆ ಸಿಕ್ತು?”

“ಪ್ರಿಂಟ್ ಕೊಟ್ಟೆಯಲ್ಲ, ಪಕ್ಕದಲ್ಲಿ ನೀವೇ ವಿವರಣೆ ಬರೆದಿದ್ರಿ. ಸ್ಕೇಲು ಇಟ್ಕೊಂಡು ಕೊನೇ ಪುಟದಿಂದ ಓದಿದೆ. ಮೊದಲಿಂದ ಓದಿದ್ರೆ ಕಥೆ ಎಳ್ಕೊಂಡು ಹೋಗಿಬಿಡುತ್ತೆ, ತಪ್ಪು ಕಾಣಲ್ಲ.”

“ಕಳ್ಳರಿಗಿಂತ ಮೊದ್ಲು ನಿಮ್ಮ ಕಣ್ಣಿಗೆ ಬಿತ್ತು, ನಮ್ಮ ಪುಣ್ಯ. ಹೊಸ ಆವೃತ್ತಿಯಲ್ಲಿ ನಿಮ್ಮ ಹೆಸರು ಹಾಕಿದ್ದೀವಿ.”



“ನಲವತ್ತು ವರ್ಷ ಪುಸ್ತಕ ತಿದ್ದಿದೆ ಕಣೇ. ಒಂದರಲ್ಲೂ ನನ್ನ ಹೆಸರಿಲ್ಲ. ಎಲ್ಲಿ ಹಾಕಿದ್ದೀರಿ?”

“ಬೇಜಾರು ಮಾಡ್ಕೋಬೇಡಿ. ಕೆಲಸ ಮಾಡಿದವರ ಪಟ್ಟಿ ಉದ್ದ ಇದೆ, ನಿಮ್ಮದು ಕಟ್ಟಕಡೇಲಿ.”

ನರ್ಸ್ ಕರೆದರು. ದೊಡ್ಡಮ್ಮ ಎದ್ದ ಸದ್ದಾಯಿತು.

“ನಾನು ಓದೋ ಹಾಗೆ ಓದಿದ್ರೆ ನಂದೇ ಮೊದಲು,” ಎಂದು ನಗುತ್ತಲೇ ಒಳಗೆ ಹೋದರು.