ಎತ್ತು ನಿಂತ ಮೂರು ಬಾಗಿಲು

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗ್ಕೊಳ್ಳಿ. ಕಥೆ ಹೊರಡ್ತಾ ಇದೆ.

ಯಾವುದೋ ಕಾಲ, ಯಾವುದೋ ರಾಜ್ಯ. ಅಲ್ಲಿ ಚಿನ್ನಾಜಮ್ಮ ಅಂತ ಒಬ್ಬಳು. ಅವಳ ಕೆಲಸ ಏನು? ತಪ್ಪು ಮಾಡ್ದೋರನ್ನ ರಾಜನ ಮುಂದೆ ನಿಲ್ಲಿಸಿ ಜನಗಳ ಪರ ವಾದ ಮಾಡೋದು. ಅವಳಿಗೊಬ್ಬ ತಮ್ಮ, ಕೆಂಚ. ಜಟ್ಟಿ ಹಂಗಿದ್ದ ಹುಡುಗ ಅಫೀಮಿಗೆ ಬಿದ್ದು ಕಡ್ಡಿ ಆಗಿದ್ದ. ಅವನೊಬ್ನೇನಾ? ಬೀದಿ ಬೀದೀಲೂ ಹಂಗೇ.

ಇದನ್ನ ನಡೆಸೋನು ಯಾರು? ಸಾಹುಕಾರ ಮಾಚಯ್ಯ. ಎಲ್ರಿಗೂ ಗೊತ್ತು. ಬಾಯಿ ಬಿಡೋರು ಯಾರು? ಯಾರೂ ಇಲ್ಲ.

ಚಿನ್ನಾಜಮ್ಮ ಚಿಲ್ರೆ ಮಾರೋನನ್ನ ಹಿಡಿಸಿದ್ಲು. ಅಫೀಮು ಬರ್ತಾನೇ ಇತ್ತು. ಹೊತ್ತು ತರೋನನ್ನ ಹಿಡಿಸಿದ್ಲು. ಅಫೀಮು ಬರ್ತಾನೇ ಇತ್ತು. ಮೂರನೇ ಸಲ ಮಾಚಯ್ಯನ್ನೇ ಸಭೆಗೆ ಎಳೆದ್ಲು.

ರಾಜ ಅಂದ, "ನೋಡವ್ವಾ, ಸಾಬೀತಾಗದಿದ್ರೆ ನೀನು ಮತ್ತೆ ಈ ಮೆಟ್ಟಿಲು ಹತ್ತಂಗಿಲ್ಲ."

"ಆಗ್ಲಿ ಬುದ್ಧಿ," ಅಂದು ತಿರುಗಿದ್ಲು. "ಸಾಹುಕಾರ್ರೇ, ಉಪ್ಪರಿಗೆ ಮನೆ ಎಲ್ಲಿಂದ ಬಂತು?"

"ಗಾಣದಿಂದ ಕಣಮ್ಮಾ. ಎಣ್ಣೆ ಮಾರಿದ ದುಡ್ಡು. ಬೇಕಾದ್ರೆ ಕೇಳು."

ಸುಂಕದ ಅಧಿಕಾರಿ "ಹೌದು ಪ್ರಭು" ಅಂದ. ರಾಜನ ಭಾಮೈದನೂ "ಹೌದೌದು" ಅಂದ.

ಆದ್ರೆ ಕೇಳಿ, ಆ ಗಾಣದ ಮುಂದೆ ಎಷ್ಟು ಸಲ ಹೋದ್ರೂ ಚಿನ್ನಾಜಮ್ಮನ ಮೂಗಿಗೆ ಹಿಂಡಿ ವಾಸನೆ ಬಡಿದಿರಲಿಲ್ಲ!

"ನಿಮ್ಮ ಗಾಣದೆತ್ತು ತರಿಸಿ."

"ತರಿಸ್ತೀನಿ ತಾಯಿ, ಎತ್ತು ಸಾಕ್ಷಿ ಹೇಳುತ್ತಾ?" ಮಾಚಯ್ಯ ಹೊಟ್ಟೆ ಕುಣಿಸಿ ನಕ್ಕ. ಜೋಡಿ ಎತ್ತಿಗೆ ಗೆಜ್ಜೆ ಕಟ್ಟಿಸಿ ತರಿಸಿದ.

ಗಾಣದೆತ್ತಿಗೆ ಕಣ್ಣು ಕಟ್ಟೇ ದುಡಿಸೋದು ಅಲ್ವಾ? ಚಿನ್ನಾಜಮ್ಮ ಬಟ್ಟೆ ಕಟ್ಟಿದ್ಲು. ಎತ್ತು ಸುತ್ತು ಬಂದ್ವಾ? ಎಲ್ಲಿ! ಬೆದರಿ ಒದ್ದ್ವು, ಮಾಚಯ್ಯನ ಪೇಟ ಬೀಳಿಸಿದ್ವು.

"ಜನ ಕಂಡು ಹೆದರ್ಯಾವೆ!" ಅಂದ ಮಾಚಯ್ಯ.

"ಹಂಗಾ? ಸರಿ, ಬರೀ ಗಾಡಿ ಹೂಡಿ. ಕಣ್ಣಿನ ಬಟ್ಟೆ ಬಿಚ್ಚಿ. ಯಾರೂ ಹಗ್ಗ ಹಿಡೀಬೇಡಿ."

ಎತ್ತು ಹೊರಟ್ವು. ಮುಂದೆ ಎತ್ತು, ಹಿಂದೆ ರಾಜ, ಅವನ ಹಿಂದೆ ಊರು. ಪಾಳುಕೋಟೆ ಬಾಗಿಲಿಗೆ ಹೋಗಿ ನಿಂತ್ವು. ಒಳಗೆ ಅಫೀಮಿನ ರಾಶಿ! ಅಲ್ಲಿಂದ ಸುಂಕದ ಅಧಿಕಾರಿ ಹಿತ್ತಲ ಬಾಗಿಲಿಗೆ. ದಿನಾ ತಿಂದ ಬಾನಿಗೆ ಮೂತಿ ಇಟ್ವು. ಅಲ್ಲಿಂದ?

ರಾಜನ ಭಾಮೈದನ ಬಾಗಿಲಿಗೆ.

ರಾಜನ ಮುಖ ಕಪ್ಪಾಯ್ತು. "ಇದು ನಮ್ಮೋರ ಮನೆ ಕಣವ್ವಾ."

ಚಿನ್ನಾಜಮ್ಮ ಯೋಚಿಸಿದ್ಲು. ಸುಮ್ನಾದ್ರೆ ಬದುಕಬಹುದು. ಕಡ್ಡಿಯಾದ ಕೆಂಚ ಕಣ್ಮುಂದೆ ಬಂದ.

"ಎತ್ತಿಗೆ ಭಾವ ಭಾಮೈದ ಗೊತ್ತಿಲ್ಲ ಬುದ್ಧಿ. ಬಾಗಿಲು ತೆಗೆಸಿ."

ರಾಜ ಭಾಮೈದನ ಕಡೆ ನೋಡ್ದ, ಬಾಗಿಲ ಕಡೆ ನೋಡ್ದ. ಆಮೇಲೆ ಅಂದ, "ತೆಗೀರಿ."

ಸಾಲಾಗಿ ಎಣ್ಣೆ ಕೊಡಗಳು. ಒಂದು ಒಡೆದ್ರು. ಎಣ್ಣೆ ಚೆಲ್ತಾ? ನಾಣ್ಯ ಚೆಲ್ತು.

ಮೂವರಿಗೂ ಒಂದೇ ಬೇಡಿ. ಎತ್ತು, ಗಾಣ ಎರಡನ್ನೂ ರಾಜ ಕೆಂಚನಿಗೆ ಕೊಡಿಸಿದ. ಆ ಎತ್ತಿಗೆ ಸುತ್ತು ಬರೋದು ಕಲಿಯೋಕೆ ವರ್ಷ ಹಿಡೀತು. ಕೆಂಚನಿಗೆ ನೆಟ್ಟಗೆ ನಿಲ್ಲೋಕೂ ಅಷ್ಟೇ. ಒಂದಿನ ಚಿನ್ನಾಜಮ್ಮ ಆ ದಾರೀಲಿ ಬಂದ್ಲು. ಘಮ್ಮಂತ ಹಿಂಡಿ ವಾಸನೆ.

ಕಥೆ ಗಾಡಿ ನಿಂತ್ಕೊಳ್ತು. ಎತ್ತಿಗೆ ಹುಲ್ಲು, ಕೇಳಿದೋರಿಗೆ ಮಜ್ಜಿಗೆ, ಹೇಳಿದೋರಿಗೆ ಒಂದುಂಡೆ ಬೆಲ್ಲ.