ಒಂದು ಎಲಿ ಹೆಚ್ಚಿಗಿ

…ಬಂದ್ ಮಾಡು ಅಂದೆ ಅದನ್ನ! ಲ್ಯಾಪ್‌ಟಾಪ್ ಅಡಗಿಮನಿ ಕಟ್ಟಿ ಮ್ಯಾಲೆ ಯಾಕ ತಂದಿ, ನಿಖಿತಾ? ಹೂರಣ ಮೆತ್ತಿದ್ರ ನಿಮ್ಮ ಕಂಪನಿಯವರು ನನ್ನ ಹಿಡಕೊಂಡು ಹೋಗಬೇಕೇನು? ಕೇಳಿದೆ, ಕೇಳಿದೆ… ಪೂರಾ ಕೇಳಿದೆ. ಗದಿಗೆಮ್ಮ. ತಾನೇ ಕಟ್ಟಿ ತಾನೇ ಹಾಡಿದಾಕಿ. ಕಲಬುರ್ಗಿ ಕಡೆ ನಮ್ಮ ವಾರಿಗಿಯವರಿಗೆ ಯಾರಿಗೆ ಗೊತ್ತಿಲ್ಲ? ಬಸ್ ಸ್ಟ್ಯಾಂಡಿನ ಚಾದಂಗಡಿಯೊಳಗ ಆಕಿ ಕ್ಯಾಸೆಟ್ಟು ರೀಲು ಸವೆಯೂ ತನಕ ಹಾಕತಿದ್ರು. ಆಮ್ಯಾಲೆ ಮರತ್ರು. ಜನ ಮರಿಯಾಕಂತನೇ ಹುಟ್ಟಿರತಾರ.

ಯಾಕ ನಗಾಕತ್ತಿ? ಏನು… ನಾನು ಗುನುಗಿದೆ? ಕುಕ್ಕರ್ ಶೀಟಿ ಇರಬೇಕು ತಗಿ.

ನಿಮ್ಮ ಆಫೀಸಿನ ಮನೋಜ ಹುಡುಕಿದ್ನಂತ, ನೆಟ್‌ನಾಗ ಹಾಕಿದ್ನಂತ, ಇನ್ನೇನು ಕನ್ನಡ ಸಂಘದಾಗ ಶಾಲು ಹೊದಿಸಿ ಫೋಟೋ ಹೊಡಸ್ಕೋತೀರಿ. ಹಳೇ ಹಿತ್ತಾಳಿ ತಂಬಿಗಿ ಸಿಕ್ಕರೂ ಹಿಂಗೇ ತಿಕ್ಕಿ ಶೋಕೇಸಿನ್ಯಾಗ ಇಡತೀರಿ ನೀವು ಐಟಿಯವರು. ಪಟಾನ್‌ಚೆರುದಾಗ ಇದ್ದಾಳ? ಇಷ್ಟು ಹತ್ರ? …ಅಲ್ಲ, ಗಾಬರಿ ಯಾಕ ಆಗಲಿ. ಎಲ್ಲಾರೂ ಎಲ್ಲೋ ಒಂದ ಕಡೆ ಇರಬೇಕಲ್ಲ.

ಏನಂದಿ? ಊಟಕ್ಕ? ಇವತ್ತ? ನಮ್ಮ ಮನಿಗೆ?

ಬ್ಯಾಡ. ಬ್ಯಾಡಂದ್ರ ಬ್ಯಾಡ. ಹಿರೇರ ಅಮಾಸಿ ಇವತ್ತು, ಸತ್ತವರಿಗೆ ಎಡಿ ಇಡೂ ದಿನ. ಹೊರಗಿನವರನ್ನ ಕರಿಯೂದಿಲ್ಲ. …ಹೋದ ವರ್ಷ ಬಾಜೂ ಮನಿ ಚಂದ್ರಕಾಂತ ಅಂಕಲ್ ಉಂಡ ಹೋದ್ರಾ? ಅವರು ಕರೀದನ ಬಂದಿದ್ರು, ಅದು ಬ್ಯಾರೆ. ಮತ್ತ ಆಕಿಗೆ ವಯಸ್ಸಾಗೈತಿ, ಮೂರು ಮಾಳಿಗಿ ಹೆಂಗ ಹತ್ತತಾಳ? ಲಿಫ್ಟ್ ಐತಿ, ಗೊತ್ತು ನನಗ. ಕೂಕಟ್‌ಪಲ್ಲಿ ಲಿಫ್ಟ್ ನಂಬಿ ಯಾರರ ಊಟಕ್ಕ ಕರೀತಾರೇನು?

ನಿನಗ ಆ ಹಾಡು ಭಾಳ ಚಲೋ ಅನಸ್ತೈತಿ, ಹೌದಲ್ಲ? "ಬಾಗಿಲ ತೆರಕೊಂಡ ಮಲಗವ್ವ ಮಗಳ, ಬರತೀನಿ ನಾ ಹೊತ್ತು ಏರೂದ್ರಾಗ"… ಕಣ್ಣಾಗ ನೀರು ಬಂತಂತ ಹುಡುಗಿಗೆ! ಬರೂದ್ಯಾಕಿಲ್ಲ, ಎಸಿಯಾಗ ಕೂತು ಕೇಳಿದ್ರ. ಆ ಮಗಳನ್ನ ಯಾರರ ಕೇಳಿದ್ರೇನು? ಬಾಗಲಾ ತೆರಕೊಂಡು ಮಲಗತಿತ್ತು ಹುಚ್ಚು ಖೋಡಿ. ಅವ್ವ ಬರಲಿಲ್ಲ, ನಾಯಿ ಬಂದ್ವು. ರೊಟ್ಟಿ ಬುಟ್ಟಿ ಎಳಕೊಂಡು ಹೋದ್ವು.

…ನನಗ ಹೆಂಗ ಗೊತ್ತು ಅಂದ್ರ? ಬಾಗಲಾ ತೆರದಿಟ್ರ ನಾಯಿ ಬರೂದಿಲ್ಲೇನು ಮತ್ತ? ಇದಕ್ಕೂ ಎಂ.ಎ. ಆಗಿರಬೇಕೇನು?

ಹಂಗ ನೋಡಬ್ಯಾಡ. ಬಾಳಿ ಎಲಿ ಒರಸು, ಕೈ ಖಾಲಿ ಐತಲ್ಲ.

…ನಿಖಿತಾ. ಮನೋಜನ ಮುಂದ ಮಗಳ ಬಗ್ಗೆ ಏನರ ಹೇಳಿದ್ಲೇನು, ಆಕಿ? …ಏನಿಲ್ಲ. ಸುಮ್ನ ಕೇಳಿದೆ.

ತಾ ಇಲ್ಲೆ. ಇದು ನಿಮ್ಮಪ್ಪನ ತಂದೀದು. ಇದು ನಿಮ್ಮಪ್ಪನ ತಾಯೀದು. ಸುಲ್ತಾನ್ ಬಜಾರದಾಗ ತಂದ ಆ ಹಸರ ಸೀರಿ ಈ ಎಲಿ ಮುಂದ ಇಡು, ಜೀವ ಇರೂ ತನಕ ಹಸರು ಹಸರು ಅಂತಿದ್ಲು ಪಾಪ. ಇದು ನಮ್ಮಪ್ಪಂದು. ಇದು ನನ್ನ ಸಾಕಿದ ಸೋದರತ್ತೀದು. ಆತು. ಕಡಬು ಬಡಸು.

ನಮ್ಮವ್ವಗ? …ಎಂದೂ ಕೇಳದಾಕಿ ಇವತ್ಯಾಕ ಕೇಳಾಕತ್ತಿ? ನಾನು ಸಣ್ಣಾಕಿ ಇದ್ದಾಗ ಹೋದ್ಲು ಅಂತ ಹೇಳೀನಲ್ಲ. ಸತ್ತ ದಿನ ಗೊತ್ತಿಲ್ಲ, ಅದಕ್ಕ ಇಡೂದಿಲ್ಲ. …ಏನು? ದಿನ ಗೊತ್ತಿಲ್ಲದವರಿಗೇ ಈ ಅಮಾಸಿ? ಯಾರು ಹೇಳಿದ್ರು? ನಿಮ್ಮಪ್ಪ? ಅವರಿಗೆ ಫ್ಯಾಕ್ಟರಿ ಬಿಟ್ರ ಏನ ಗೊತ್ತೈತಿ! ಹಂಗೇನಿಲ್ಲ. ಒಂದೊಂದ ಮನಿತನಕ್ಕ ಒಂದೊಂದ ಪದ್ಧತಿ…



ಎಲ್ಲಿ ಹೊಂಟಿ? ಆ ಎಲಿ ಯಾಕ ತೊಳಿಯಾಕತ್ತಿ? ಎಡಿ ಮುಗದಾವ, ಇನ್ನೊಂದು ಬ್ಯಾಡ. ನಿಖಿತಾ, ನಿನಗ ಹೇಳಾಕತ್ತೀನಿ. ಅಲ್ಲಿ ಹಾಕಬ್ಯಾಡ… ಸೋದರತ್ತಿ ಎಲಿ ಬಾಜೂಕ ಬ್ಯಾಡ… ಕಡಬು ಇಡಬ್ಯಾಡ ಅದರ ಮ್ಯಾಲೆ! ತೆಗಿ! ತೆಗೀ ಅಂದ್ನಲ್ಲ! ಉಸಿರಾಡೂ ಮನಷ್ಯಾಳಿಗೆ ಎಡಿ ಇಡತಾರೇನ, ಹುಚ್ಚಿ!

…

…ನಿಖಿತಾ, ಕೇಳಿಲ್ಲೆ.

ಬೈ ಬೇಕಾದ್ರ. ಹಿಂಗ ನೋಡಕೋತ ನಿಂದ್ರಬ್ಯಾಡ.

ಊರೂರು ಹಾಡಕೋತ ತಿರಗೂ ಹೆಂಗಸಿನ ಮಗಳು ಅಂದ್ರ ನಿಮ್ಮಪ್ಪನ ಮನಿಯವರು ಲಗ್ನಕ್ಕ ಒಲ್ಲೆ ಅಂತಿದ್ರು. ನನ್ನ ಸಾಕಿದ ಅತ್ತಿ "ತಾಯಿ ಸತ್ತಾಳ್ರಿ" ಅಂದ್ಲು. ನಾ ಹೂಂ ಅಂದೆ. ಅನ್ನೂದು ಭಾಳ ಸಸಾರ ಇತ್ತು, ನಿಖಿತಾ. ಆದ್ರ ಎಲಿ ಹಾಕೂದು… ಪ್ರತಿ ಅಮಾಸಿಗೂ ಕೈಯಾಗ ಹಿಡೀತೀನಿ. ಹಾಕಾಕ ಆಗೂದಿಲ್ಲ.

…ಬಸ್ಸಿನ್ಯಾಗ ಬರತಾಳೇನು? ಮನೋಜಗ ಹೇಳು, ಆಟೋ ಮಾಡಲಿ, ಮೊಣಕಾಲ ಬ್ಯಾನಿ ಇದ್ದೀತು.

ಆ ಎಲಿ ಒಗೀಬ್ಯಾಡ. ಈ ಕಡೆ ತಾ. ನಮ್ಮ ಸಾಲಿಗೆ ಹಾಕು… ಉಣ್ಣೂವರ ಸಾಲಿಗೆ. ಮತ್ತ ಬಾಗಲಾ… ಇರಲಿ, ಹಂಗೇ ತೆರದಿಡು. ಮೂರನೇ ಮಾಳಿಗೀಗೆ ನಾಯಿ ಬರೂದಿಲ್ಲ.